ಪ್ರಾರ್ಥನೆ ಒಂದೇ, ಪಂಕ್ತಿ ಬೇರೆ

ಕ್ರೈಸ್ತ ಸಭೆಯ ಆರಂಭದ ದೊಡ್ಡ ಜಗಳಗಳಲ್ಲೊಂದು ನಡೆದದ್ದು ಊಟದ ವಿಚಾರಕ್ಕೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದರು. ಅವರು ಏನೆಂದುಕೊಂಡಾರೋ ಎಂದು ಅಂಜಿ ಪೇತ್ರ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಅವನನ್ನು ನೋಡಿ ಉಳಿದವರೂ ಎದ್ದರು. ಪೌಲ ಸುಮ್ಮನಿರಲಿಲ್ಲ. ಎಲ್ಲರ ಎದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ, ಆಮೇಲೆ ಅದನ್ನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ದಾಖಲಿಸಿಯೂ ಇಟ್ಟ.

ಗಮನಿಸಬೇಕಾದ್ದು ಇದು: ಪೇತ್ರ ಯಾವ ಸಿದ್ಧಾಂತವನ್ನೂ ನಿರಾಕರಿಸಿರಲಿಲ್ಲ. ಯೇಸುವನ್ನು ಅಲ್ಲಗಳೆದಿರಲಿಲ್ಲ, ಪ್ರಾರ್ಥನೆ ಬಿಟ್ಟಿರಲಿಲ್ಲ. ಕೂತ ಜಾಗ ಬದಲಿಸಿದ, ಅಷ್ಟೇ. ಪೌಲನ ಪ್ರಕಾರ ಸುವಾರ್ತೆಯ ಸತ್ಯಕ್ಕೆ ದ್ರೋಹ ಬಗೆಯಲು ಅಷ್ಟು ಸಾಕಾಗಿತ್ತು. ಪಂಕ್ತಿಭೇದ ಎಂಬ ಪದ ಗೊತ್ತಿರುವ ಕನ್ನಡಿಗರಿಗೆ ಈ ಕತೆ ಅರ್ಥವಾಗಲು ವ್ಯಾಖ್ಯಾನಕಾರರು ಬೇಕಿಲ್ಲ.

ಸಭೆಯ ಒಳಗಿನವಳಾಗಿಯೇ ಇದನ್ನು ಬರೆಯುತ್ತಿದ್ದೇನೆ. ‘ಐಕ್ಯತೆ’, ‘ಆತ್ಮಿಕ ಬೆಳವಣಿಗೆ’, ‘ನಂಬಿಕೆಯನ್ನು ಜೀವಿಸುವುದು’ — ಈ ಮೂರು ಮಾತುಗಳಿಲ್ಲದೆ ನಮ್ಮಲ್ಲಿ ಒಂದು ಭಾನುವಾರವೂ ಮುಗಿಯುವುದಿಲ್ಲ. ಆದರೆ ಈ ಮಾತುಗಳನ್ನು ಪಂಕ್ತಿಯಿಂದ ಎಬ್ಬಿಸಿ, ಯಾರಿಗೂ ತೊಂದರೆಯಾಗದ ಎತ್ತರದಲ್ಲಿ ಕೂರಿಸಿದ್ದೇವೆ. ನನ್ನ ತಕರಾರು ಇದರ ಬಗ್ಗೆ.

ಐಕ್ಯತೆಯಿಂದಲೇ ಶುರು ಮಾಡೋಣ. 1919ರಲ್ಲಿ ತರಂಗಂಬಾಡಿಯಲ್ಲಿ ದಕ್ಷಿಣ ಭಾರತದ ಕೆಲವು ಪ್ರಾಟೆಸ್ಟೆಂಟ್ ಸಭಾನಾಯಕರು ಸೇರಿ, ಪಶ್ಚಿಮದಿಂದ ಆಮದಾದ ಒಡಕುಗಳನ್ನು ನಾವೇಕೆ ಹೊರಬೇಕು ಎಂದು ಕೇಳಿದರು. ಅವರಲ್ಲಿ ಪ್ರಮುಖರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ. ಮಾತುಕತೆ 28 ವರ್ಷ ನಡೆಯಿತು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಪಂಥದವರು ಒಂದಾದರು. ಜಗತ್ತಿನ ಸಭಾ ಇತಿಹಾಸದಲ್ಲೇ ಇದು ದೊಡ್ಡ ಘಟನೆ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಅದನ್ನು ನೋಡಲು ಅಜರಯ್ಯ ಬದುಕಿರಲಿಲ್ಲ.

ಆದರೆ ಆ 28 ವರ್ಷಗಳಲ್ಲಿ ಅತಿ ಹೆಚ್ಚು ಬೆವರು ಹರಿದದ್ದು ಯಾವ ಪ್ರಶ್ನೆಗೆ? ಬಿಷಪ್ ಬೇಕೆ, ಬೇಕಾದರೆ ಎಂಥವನು, ಬಿಷಪ್ಪನ ಕೈಯಿಂದ ದೀಕ್ಷೆ ಪಡೆಯದ ಪಾದ್ರಿ ಪಾದ್ರಿಯೇ ಹೌದೆ ಎಂಬುದಕ್ಕೆ. ಯುರೋಪಿನ ಜಗಳಕ್ಕೆ ನಾವು ಭಾರತೀಯ ಪರಿಹಾರ ಕಂಡುಹಿಡಿದೆವು. ನಮ್ಮದೇ ಜಗಳ ಹಾಗೇ ಉಳಿಯಿತು. ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಎಂಬ ಭೇದ ಅಳಿಸುವುದಕ್ಕಿಂತ, ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದವರು ಒಬ್ಬರ ಮನೆಗೊಬ್ಬರು ಹೆಣ್ಣು ಕೊಡುವುದು ಕಷ್ಟದ ಕೆಲಸ. ಅದಕ್ಕೆ ಯಾವ ಸಮಿತಿಯೂ 28 ವರ್ಷ ಕೂರಲಿಲ್ಲ.

ಈ ರೋಗ ಹಳೆಯದು, ಮತ್ತು ಯಾವ ಪಂಥವೂ ಇದರಿಂದ ಹೊರತಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಇರಕೂಡದು ಎಂದು ಆಜ್ಞೆ ಹೊರಡಿಸಿದಾಗ, ತಂಜಾವೂರು ಸೀಮೆಯ ಮೇಲ್ಜಾತಿ ಕ್ರೈಸ್ತರು ತಿರುಗಿಬಿದ್ದರು. ಬೇರೆ ಕೂರುವುದು, ಪ್ರಭುಭೋಜನದ ಪಾತ್ರೆಯನ್ನು ಮೊದಲು ತಾವೇ ಮುಟ್ಟುವುದು ಅವರಿಗೆ ವಿಶ್ವಾಸಕ್ಕೆ ಸಂಬಂಧಿಸದ ಬರೀ ಲೋಕರೂಢಿಯಾಗಿತ್ತು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ 19ನೇ ಶತಮಾನದ ಕ್ಯಾಥೊಲಿಕರು ಎರಡು ಜಾತಿಗುಂಪುಗಳಿಗೆ ಎರಡು ತೋಳುಗಳಿರುವ ಚರ್ಚನ್ನೇ ಕಟ್ಟಿದರು. ಎರಡೂ ಒಂದೇ ಪೀಠದ ಬಳಿ ಕೂಡುತ್ತಿದ್ದವು. ತಿರುಚಿರಾಪಳ್ಳಿಯ ಮೇಲಪುದೂರಿನ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧ ನಮ್ಮ ಕಾಲದಲ್ಲೂ ಹೋರಾಟ ನಡೆದಿದೆ. ಪುನರುತ್ಥಾನದ ದಿನ ಎಲ್ಲರೂ ಒಟ್ಟಿಗೆ ಏಳುತ್ತಾರೆಂದು ನಂಬುವವರು ಅಲ್ಲಿಯತನಕ ಬೇರೆ ಬೇರೆ ಮಲಗಲು ಏರ್ಪಾಡು ಮಾಡಿಕೊಂಡಿದ್ದಾರೆ.

ಇದು ತಮಿಳುನಾಡಿನ ಕತೆ ಎಂದು ನಾವು ನಿರಾಳವಾಗುವಂತಿಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ, ಶುದಿರ್ ಎಂಬ ಗುರುತುಗಳು ಗೋವೆಯಿಂದ ವಲಸೆ ಬಂದ ಹಿರಿಯರ ಜೊತೆಗೇ ಬಂದವು. ಮದುವೆಯ ಮಾತು ಬಂದಾಗ ಅವಕ್ಕೆ ಇವತ್ತಿಗೂ ಜೀವ ಬರುತ್ತದೆ. ಕ್ರೈಸ್ತ ವಧೂವರರ ಜಾಹೀರಾತುಗಳನ್ನು ಓದಿ. ದೇವಭಕ್ತೆಯಾದ ಹುಡುಗಿ ಬೇಕು ಎಂದ ಮರುಸಾಲಿನಲ್ಲೇ ಯಾವ ಹಿನ್ನೆಲೆಯವಳಾಗಿರಬೇಕು ಎಂದು ಬರೆದಿರುತ್ತದೆ. ಆ ‘ಹಿನ್ನೆಲೆ’ ಎಂದರೆ ಏನೆಂದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು.

ಇನ್ನು ಸಭೆಯ ಎರಡು ನಾಲಿಗೆಯ ವಿಷಯ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಮತ ಬದಲಿಸಿದರೆ ಜಾತಿ ಕಳಚಿ ಬೀಳುವುದಿಲ್ಲ ಎಂಬ ಸಭೆಗಳ ವಾದ ಸರಿಯಾದದ್ದು. ರಂಗನಾಥ್ ಮಿಶ್ರಾ ಆಯೋಗ 2007ರಲ್ಲೇ ಇದನ್ನು ಒಪ್ಪುವ ಶಿಫಾರಸು ಮಾಡಿತ್ತು. ಆದರೆ ನ್ಯಾಯಾಲಯದ ಮುಂದೆ ‘ನಮ್ಮಲ್ಲಿ ಜಾತಿ ಇದೆ’ ಎನ್ನುವ ಸಭೆ, ಭಾನುವಾರದ ಪೀಠದಿಂದ ‘ಕ್ರಿಸ್ತನಲ್ಲಿ ಜಾತಿ ಇಲ್ಲ’ ಎನ್ನುತ್ತದೆ. ಮೊದಲ ಮಾತು ವಾಸ್ತವ, ಎರಡನೆಯದು ಆದರ್ಶ. ಎರಡರ ನಡುವೆ ಮಾಡಬೇಕಾದ ಕೆಲಸವನ್ನು ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಮಾತ್ರ ಅಪ್ರಾಮಾಣಿಕತೆ. ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗಿನ ತಾರತಮ್ಯವನ್ನು ಬರವಣಿಗೆಯಲ್ಲೇ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದು. ಅದನ್ನು ಪೂಜೆಯ ನಡುವೆ ಓದಿ ಹೇಳುವ ಚರ್ಚುಗಳೆಷ್ಟು?

ನನಗೆ ಎದುರಾಗುವ ಮೊದಲ ಆಕ್ಷೇಪಣೆ: ಆತ್ಮಿಕ ಬೆಳವಣಿಗೆ ವೈಯಕ್ತಿಕ ವಿಷಯ, ಅದಕ್ಕೆ ಸಮಾಜಶಾಸ್ತ್ರ ಯಾಕೆ? ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯವನ್ನು ಮತ್ತೆ ತೆರೆಯಿರಿ. ಬೆಳವಣಿಗೆಯ ಬಗ್ಗೆ ನಾವು ಪದೇಪದೇ ಬಳಸುವ ಭಾಗ ಅದು. ಅಲ್ಲಿ ಬೆಳೆಯುವುದು ದೇಹ. ಕೀಲು ಕೀಲು ಕೂಡಿದ, ಒಂದಂಗ ಇನ್ನೊಂದಕ್ಕೆ ಆಧಾರವಾದ ಇಡೀ ದೇಹ. ಕಾಲು ಸೊರಗಿರುವಾಗ ಕೈ ಒಂದೇ ಊದಿಕೊಂಡರೆ ಅದನ್ನು ಬೆಳವಣಿಗೆ ಎನ್ನುವುದಿಲ್ಲ, ಕಾಯಿಲೆ ಎನ್ನುತ್ತೇವೆ. ಅದೇ ಪತ್ರಿಕೆಯ ಎರಡನೇ ಅಧ್ಯಾಯ ಮಾತಾಡುವುದು ಕೆಡವಿದ ಅಡ್ಡಗೋಡೆಯ ಬಗ್ಗೆ.

ಎರಡನೆಯದು: ರಕ್ಷಣೆ ನಂಬಿಕೆಯಿಂದ, ಕ್ರಿಯೆಗಳಿಂದಲ್ಲ. ಇದರ ಮೇಲೆ 16ನೇ ಶತಮಾನದಲ್ಲಿ ಯುರೋಪು ಒಡೆಯಿತು. 1999ರಲ್ಲಿ ಲುಥೆರನ್ ಮತ್ತು ಕ್ಯಾಥೊಲಿಕ್ ಸಭೆಗಳು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, ಈ ಬಗ್ಗೆ ಮೂಲಭೂತ ಒಮ್ಮತವಿದೆ ಎಂದವು. ಯಾಕೋಬನ ಪತ್ರಿಕೆಯಂತೂ ಕ್ರಿಯೆಯ ಮಾತು ಶುರುಮಾಡುವುದೇ ಕೂರುವ ಜಾಗದಿಂದ: ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ನೆಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ವಾದ ಬರುವುದು ಈ ದೃಶ್ಯವಾದ ಮೇಲೆ.

ಮೂರನೆಯದು ಹೆಚ್ಚು ಗಂಭೀರವಾದದ್ದು: ಚರ್ಚುಗಳ ಮೇಲೆ ದಾಳಿ ನಡೆಯುವ, ಮತಾಂತರ ನಿಷೇಧದ ಕಾನೂನುಗಳು ಬರುವ ಕಾಲದಲ್ಲಿ ಮನೆಯ ಹುಳುಕನ್ನು ಬೀದಿಗೆ ತರಬೇಕೆ? ಭಯ ನಿಜ. ಆದರೆ ಕೊರಿಂಥದವರ ಪ್ರಭುಭೋಜನದಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು, ಇಲ್ಲದವರು ಹಸಿದು ಕೂತದ್ದನ್ನು ಪೌಲ ಬಯಲಿಗೆಳೆದಾಗ ಕ್ರೈಸ್ತರು ಇಂದಿಗಿಂತ ಪುಟ್ಟ ಗುಂಪು, ಅವರ ಕೈಯಲ್ಲಿ ಅಧಿಕಾರವೂ ಇರಲಿಲ್ಲ. ಹಾಗೆ ಉಂಡರೆ ಅದು ಪ್ರಭುವಿನ ಭೋಜನವೇ ಅಲ್ಲ ಎಂದು ಅವನು ಹೇಳಿದ. ವಿರೋಧಿಗಳಿಗೆ ಆಹಾರವಾದೀತು ಎಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ದಲಿತ ವಿಶ್ವಾಸಿಗೆ ಸುಮ್ಮನಿರು ಎಂದು ಹೇಳಿ ಗಳಿಸುವ ಐಕ್ಯತೆಯ ಬೆಲೆಯನ್ನು ಪ್ರತಿಸಲವೂ ಅವನೇ ತೆರುತ್ತಿದ್ದಾನೆ.

ಕಲ್ಯಾಣದ ಕತೆ ಬಲ್ಲ ನಾಡು ಇದು. ಅಲ್ಲೂ ಸಮಾನತೆಯ ಮಾತು ಹರಳಯ್ಯ–ಮಧುವರಸರ ಮಕ್ಕಳ ಮದುವೆಯತನಕ ಬಂದಾಗಲೇ ಆಳುವವರು ಕೆರಳಿದ್ದು. ಮಾತಾಗಿ ಉಳಿಯುವ ಸಮಾನತೆಗೆ ಯಾರ ವಿರೋಧವೂ ಇರುವುದಿಲ್ಲ.

ಹಾಗಾಗಿ ಐಕ್ಯತೆಯ ಬಗ್ಗೆ ಇನ್ನೊಂದು ಸಮ್ಮೇಳನ ಬೇಡ. ಪ್ರತಿ ಸಭೆಯೂ ತನ್ನ ಸ್ಮಶಾನದಲ್ಲಿ ಯಾರನ್ನು ಎಲ್ಲಿ ಹೂಳಲಾಗಿದೆ ಎಂದು ನೋಡಲಿ. ಆಡಳಿತ ಸಮಿತಿಯಲ್ಲಿ, ಸೆಮಿನರಿಯ ಅಧ್ಯಾಪಕರಲ್ಲಿ, ಸಭೆಯ ಕಾಲೇಜುಗಳ ನೇಮಕಾತಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಲೆಕ್ಕ ಹಾಕಿ ಚರ್ಚಿನ ಬಾಗಿಲಿಗೆ ಅಂಟಿಸಲಿ. ಜಾತಿ ಮೀರಿದ ಮದುವೆಗೆ ಮನೆಯವರು ಅಡ್ಡ ನಿಂತಾಗ ಪಾದ್ರಿಗಳು ಮಧ್ಯಸ್ಥಿಕೆಯ ನೆಪದಲ್ಲಿ ಮೌನವಾಗದೆ ಆ ಜೋಡಿಯ ಪಕ್ಕ ನಿಲ್ಲಲಿ. ಇಷ್ಟು ಮಾಡಿದ ಸಭೆ ಬೆಳೆಯುತ್ತಿದೆಯೇ ಎಂದು ಯಾರೂ ಕೇಳಬೇಕಾಗುವುದಿಲ್ಲ.