ಬಿಳಿಯ ಕಲ್ಲಿನ ಸಾಕ್ಷ್ಯ

ಗಣಿಯಿಂದ ಮೇಲೆ ಬಂದ ಕಲ್ಲಿನಲ್ಲಿ ಟನ್ನಿಗೆ ಎಷ್ಟು ಗ್ರಾಮು ಚಿನ್ನವಿದೆಯೆಂಬ ಒಂದೇ ಪ್ರಶ್ನೆಯನ್ನು ಕೇಳಿ, ಉಳಿದುದನ್ನೆಲ್ಲ ಕಸವೆಂದು ರಾಶಿಗೆ ನೂಕುವ ಮನೋವೃತ್ತಿಯು ನಮ್ಮ ಅಧಿಕಾರಿವರ್ಗದಲ್ಲಿಯೂ ಬಂಡವಾಳಗಾರರಲ್ಲಿಯೂ ಬಹುಕಾಲದಿಂದ ನೆಲೆಸಿದೆ. ಆ ಕಸದೊಳಗೆ ಸುಣ್ಣದ ಜಾತಿಯ ಬಿಳಿಯ ಖನಿಜಗಳೂ ಕಂದು ಖನಿಜಗಳೂ ಇವೆ. ಕ್ಯಾಲ್ಸೈಟು, ಡಾಲಮೈಟು, ಕಬ್ಬಿಣ ಬೆರೆತ ಆಂಕರೈಟು, ಸಿಡರೈಟು ಮುಂತಾದ ಇವನ್ನು ಶಾಸ್ತ್ರಜ್ಞರು ಕಾರ್ಬೊನೇಟುಗಳೆಂದು ಕರೆಯುವರು. ಪೇಟೆಯಲ್ಲಿ ಇವಕ್ಕೆ ಬೆಲೆಯಿಲ್ಲ. ಆದರೆ ಚಿನ್ನವು ಅಲ್ಲಿಗೆ ಬಂದ ಬಗೆಯನ್ನು ಹೇಳಬಲ್ಲ ಸಾಕ್ಷಿಗಳಲ್ಲಿ ಇವು ಅಗ್ರಗಣ್ಯವಾದವು.

ಕೋಲಾರ, ಹಟ್ಟಿ, ಗದಗು ಪ್ರಾಂತಗಳ ಚಿನ್ನವು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಬಿರುಕುಗಳಲ್ಲಿ ಏರಿಬಂದ ಬಿಸಿನೀರು ತಂದಿಟ್ಟದ್ದು. ಆ ನೀರಿನಲ್ಲಿ ಗಂಧಕವೂ ಇಂಗಾಲಾಮ್ಲವಾಯುವೂ ಸೇರಿದ್ದವು. ಗಂಧಕವು ಚಿನ್ನವನ್ನು ಹೊತ್ತು ತರುತ್ತದೆ. ಇಂಗಾಲಾಮ್ಲವಾಯುವು ನೀರಿನ ಆಮ್ಲಗುಣವನ್ನು ಹದದಲ್ಲಿಟ್ಟು ಆ ಹೊರೆಯು ಜಾರದಂತೆ ಕಾಯುತ್ತದೆ. ಕಬ್ಬಿಣವೂ ಸುಣ್ಣದ ಅಂಶವೂ ಹೇರಳವಾಗಿರುವ ಕಪ್ಪುಶಿಲೆಯನ್ನು ಈ ನೀರು ಹೊಕ್ಕಾಗ ಗಂಧಕವು ಕಬ್ಬಿಣವನ್ನು ಕೂಡಿಕೊಂಡು ಚಿನ್ನವನ್ನು ಕೈಬಿಡುತ್ತದೆ. ಇಂಗಾಲಾಮ್ಲವಾಯುವು ಕಾರ್ಬೊನೇಟಾಗಿ ಕಲ್ಲಿನಲ್ಲಿ ನಿಲ್ಲುತ್ತದೆ. ಚಿನ್ನದ ಎಳೆಯು ಒಂದೆರಡು ಮೊಳ ಅಗಲವಿರಬಹುದು. ಸುತ್ತಲಿನ ಕಾರ್ಬೊನೇಟಿನ ಪರಿವೇಷವು ಅದಕ್ಕಿಂತ ಅನೇಕ ಪಾಲು ವಿಸ್ತಾರವಾಗಿರುವುದುಂಟು. ಗದಗು ಸೀಮೆಯಲ್ಲಿ ಇದು ಸ್ಪಷ್ಟವಾಗಿದೆ. ಕೋಲಾರದ ಶಿಲೆ ಹೆಚ್ಚು ಕಾವಿನಲ್ಲಿ ಬೆಂದದ್ದಾದುದರಿಂದ ಅಲ್ಲಿ ಈ ಗುರುತು ಕೃಶವಾಗಿ, ಬೇರೆ ಖನಿಜಗಳು ಅದರ ಸ್ಥಾನವನ್ನು ಹಿಡಿದಿವೆ.

ಗಡಸು ನೀರಿನ ಊರುಗಳಲ್ಲಿ ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ವಾಚಕರೆಲ್ಲರೂ ಬಲ್ಲರು. ಕಾಯಿಸಿದಾಗ ವಾಯುವು ಹೊರಟುಹೋಗಿ ಸುಣ್ಣವು ಉಳಿಯುತ್ತದೆ. ಭೂಮಿಯ ಮೇಲ್ಪದರದಲ್ಲಿ ಒತ್ತಡವು ತಗ್ಗಿ ನೀರು ಕುದಿದೆಡೆಯಲ್ಲಿ ಕ್ಯಾಲ್ಸೈಟು ತೆಳ್ಳನೆಯ ಅಲಗುಗಳಾಗಿ ಬೆಳೆಯುತ್ತದೆ. ನ್ಯೂಜಿಲೆಂಡಿನ ಬಿಸಿನೀರಿನ ಸೀಮೆಯಲ್ಲಿ ಬಾವಿ ಕೊರೆದವರು ಇದನ್ನು ಕಂಡಿದ್ದಾರೆ. ನಮ್ಮ ಗಣಿಗಳ ಚಿನ್ನವು ಬಹಳ ಆಳದಲ್ಲಿ ಕೂಡಿದ್ದಾದುದರಿಂದ ಇಲ್ಲಿ ಅಂತಹ ಅಲಗುಗಳನ್ನರಸುವುದು ವ್ಯರ್ಥ. ಹರಳಿನೊಳಗೆ ಸೆರೆಸಿಕ್ಕ ನೀರಿನ ಸೂಕ್ಷ್ಮಬಿಂದುಗಳನ್ನೂ ಆಮ್ಲಜನಕದ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣವನ್ನೂ ನೋಡಬೇಕು. ಈ ಪ್ರಮಾಣದಿಂದ ಹಿಂದಿನ ಉಷ್ಣತೆಯನ್ನು ಅಳೆಯಬಹುದೆಂದು ಹೆರಾಲ್ಡ್ ಯೂರಿ ಮಹಾಶಯರು 1947ರಲ್ಲಿಯೇ ತೋರಿಸಿಕೊಟ್ಟರು.

ಈ ಸಾಕ್ಷಿಯು ಸುಳ್ಳು ಹೇಳಲಾರದೆಂದಲ್ಲ. ಕ್ಯಾಲ್ಸೈಟು ಸುಲಭವಾಗಿ ಕರಗಿ ಪುನಃ ಹೆಪ್ಪುಗಟ್ಟುವ ವಸ್ತು. ಆಮೇಲೆ ಬಂದ ನೀರು ಹಳೆಯ ಲೇಖವನ್ನು ಅಳಿಸಿ ತನ್ನದನ್ನು ಬರೆದಿರಬಹುದು. ಎರೆಭೂಮಿಯ ಸುಣ್ಣದ ಹರಳು ಕೂಡ ಕ್ಯಾಲ್ಸೈಟೇ, ಅದಕ್ಕೂ ಚಿನ್ನಕ್ಕೂ ನಂಟಿಲ್ಲ! ಸೌಮ್ಯವಾದ ಆಮ್ಲದ ತೊಟ್ಟು ಬಿದ್ದೊಡನೆ ನೊರೆಯುಕ್ಕಿದರೆ ಕ್ಯಾಲ್ಸೈಟೆಂದೂ, ಪುಡಿಮಾಡಿದ ಬಳಿಕವೇ ನೊರೆ ಬಂದರೆ ಡಾಲಮೈಟೆಂದೂ ಹೈಸ್ಕೂಲಿನ ಹುಡುಗನೂ ಊಹಿಸಬಹುದು. ಮುಂದಿನ ವಿಚಾರಣೆಗೆ ಮಾತ್ರ ನುರಿತ ಪ್ರಯೋಗಶಾಲೆಯೇ ಬೇಕು.

ಈಗ ನಮ್ಮ ಆಕ್ಷೇಪಣೆಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿ, 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, ಸುಮಾರು 800 ಟನ್ನು ಚಿನ್ನವನ್ನಿತ್ತ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. 3 ಕಿಲೋಮೀಟರಿಗೂ ಮಿಗಿಲಾದ ಆ ಆಳದಿಂದ ಇನ್ನೊಂದು ಚೂರು ಕಲ್ಲನ್ನು ತರುವುದು ಸುಲಭಸಾಧ್ಯವಲ್ಲ. ಮೇಲೆ ಉಳಿದಿರುವ ಮಾದರಿಗಳು, ನಕ್ಷೆಗಳು, ದಿನಚರಿಗಳು ಇಷ್ಟೇ ನಮ್ಮ ಪಾಲಿಗೆ ದಕ್ಕಿದ ಗಣಿ. 1894ರಲ್ಲಿ ಬ್ರೂಸ್ ಫೂಟರ ಕೈಯಲ್ಲಿ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದ ನಾಡು ಇವನ್ನು ಗೆದ್ದಲಿಗೆ ಬಿಡುವುದುಂಟೆ?

2015ರಿಂದ ಖನಿಜ ಪ್ರದೇಶಗಳನ್ನು ಹರಾಜಿನಲ್ಲಿ ಕೊಡುವ ಪದ್ಧತಿ ನಡೆದಿದೆ. ಕೊಳವೆ ಕೊರೆದವರು ಚಿನ್ನ ಸಿಕ್ಕದ ಕಲ್ಲಿನ ತುಂಡುಗಳನ್ನೂ ಕಾಪಾಡಿ, ಯಾವ ಆಳದಲ್ಲಿ ಯಾವ ಕಾರ್ಬೊನೇಟು ಎಂದು ದಾಖಲೆ ಬರೆದು ಸರ್ಕಾರಕ್ಕೊಪ್ಪಿಸಬೇಕೆಂಬುದನ್ನು ಪ್ರತಿಯೊಂದು ಕರಾರಿನಲ್ಲಿಯೂ ಖಂಡಿತವಾಗಿ ಬರೆಯಿಸಬೇಕು. 2019ರಲ್ಲಿ ವನ್ಯಧಾಮವೆಂದು ಘೋಷಿಸಲ್ಪಟ್ಟ ಕಪ್ಪತಗುಡ್ಡವನ್ನು ಅಗೆಯಿರೆಂದು ನಾವು ಹೇಳುವವರಲ್ಲ. ಕೊರೆಯುವ ಮುನ್ನ ಮೇಲ್ಮೈಯ ಕಲ್ಲನ್ನು ಓದಬಲ್ಲವರಿದ್ದರೆ ಬೇರೆ ಕಡೆಯ ಎಷ್ಟೋ ಗುಡ್ಡಗಳಿಗೆ ಗಾಯವೂ ತಪ್ಪೀತು. ಹರಾಜಿನ ಹಣದಲ್ಲಿ ಅಲ್ಪಾಂಶವನ್ನು ಇಂತಹ ಒಂದು ಉಗ್ರಾಣಕ್ಕೂ, ಕನ್ನಡದಲ್ಲಿ ಅಚ್ಚಾದ ಅದರ ಪಟ್ಟಿಗೂ ತೆಗೆದಿಡುವಂತೆ ಮುಂದಿನ ಆಯವ್ಯಯದ ಚರ್ಚೆಯಲ್ಲಿ ಕೋಲಾರ, ರಾಯಚೂರು, ಗದಗು ಜಿಲ್ಲೆಗಳ ಪ್ರತಿನಿಧಿಗಳು ಒಕ್ಕೊರಲಿನಿಂದ ಕೇಳಲಿ.