ಮರಳಿನ ವಯಸ್ಸು

ಶಾಲೆಯ ಕಟ್ಟಡ ಕೆಲಸಕ್ಕೆಂದು ಮರಳು ತಂದು ಸುರಿದಿದ್ದರು. ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಹಿಡಿ ತಂದು ಮೇಜಿನ ಮೇಲಿಟ್ಟು, ‘ಸಾರ್, ಇದಕ್ಕೆಷ್ಟು ವಯಸ್ಸು?’ ಎಂದ. ‘ಬಿಸಿಲಿಗೆ ತಂದುಬಿಟ್ಟೆಯಲ್ಲ, ಇನ್ನು ಹೇಳಲಾಗದು’ ಎಂದೆ. ತರಗತಿ ನಕ್ಕಿತು. ನಾನು ಹೇಳಿದ್ದು ಮಾತ್ರ ನಿಜ.

ಮರಳಿನಲ್ಲಿ ಹೆಚ್ಚಾಗಿರುವುದು ಬೆಣಚುಕಲ್ಲಿನ ಹರಳು. ಸುತ್ತಲ ಮಣ್ಣಿನಲ್ಲಿ ಅತ್ಯಲ್ಪ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇದ್ದೇ ಇರುತ್ತವೆ. ಇವುಗಳ ವಿಕಿರಣ ತಾಗಿದಾಗ ಕೆಲವು ಎಲೆಕ್ಟ್ರಾನುಗಳು ಸ್ಥಾನ ಬಿಟ್ಟು, ಹರಳಿನೊಳಗಿನ ಲೋಪಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಸಿಲು ಬಿದ್ದರೆ ಅವುಗಳಿಗೆ ಬಿಡುಗಡೆ, ಲೆಕ್ಕ ಸೊನ್ನೆ. ನದಿ ತಂದ ಮರಳು ಮೆಕ್ಕಲಿನಡಿ ಹೂತುಹೋದ ದಿನದಿಂದ ಲೆಕ್ಕ ಮತ್ತೆ ಶುರು.

ಆದ್ದರಿಂದ ಮಾದರಿಯನ್ನು ಬೆಳಕು ತಾಗದಂತೆ ತೆಗೆದು, ಮಂದ ಕೆಂಪು ದೀಪದ ಕೋಣೆಯಲ್ಲಿ ಬಿಚ್ಚುತ್ತಾರೆ. ನೀಲಿ ಅಥವಾ ಹಸಿರು ಬೆಳಕು ಹಾಯಿಸಿದರೆ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಹರಳು ಕ್ಷೀಣವಾಗಿ ಮಿನುಗುತ್ತದೆ. ಆ ಮಿನುಗಿನಿಂದ ಹರಳು ಪಡೆದ ಒಟ್ಟು ವಿಕಿರಣ ತಿಳಿಯುತ್ತದೆ. ಒಟ್ಟು 20 ಗ್ರೇ, ಸಾವಿರ ವರ್ಷಕ್ಕೆ 2.5 ಗ್ರೇ ಎಂದಾದರೆ, ಭಾಗಿಸಿ ನೋಡಿ: 8,000 ವರ್ಷ. 1985ರಲ್ಲಿ ಕೆನಡಾದ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು ಈ ವಿಧಾನ ತೋರಿಸಿಕೊಟ್ಟರು.

ರಾಜಸ್ಥಾನದ ಕಾಲಿಬಂಗನ್ ಸಿಂಧೂ ನಾಗರಿಕತೆಯ ಊರು. ಪಕ್ಕದ ಘಗ್ಗರ್ ಈಗ ಮಳೆಗಾಲದ ಹೊಳೆ. ಹಿಮಾಲಯದ ದೊಡ್ಡ ನದಿ ದಾರಿ ಬದಲಿಸಿದ್ದರಿಂದ ಇಂಥ ಊರುಗಳು ಪಾಳುಬಿದ್ದವೆಂಬ ವಾದ ಹಳೆಯದು. ಐಐಟಿ ಕಾನ್ಪುರ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳಿದ್ದ ತಂಡ ಅಲ್ಲಿ ಕೊರೆದು ತೆಗೆದ ಮರಳನ್ನು ಹೀಗೆ ಅಳೆದು 2017ರಲ್ಲಿ ಹೇಳಿದ್ದೇ ಬೇರೆ. ಸಟ್ಲೆಜ್ ಆ ಪಾತ್ರವನ್ನು ಪೂರ್ತಿ ತೊರೆದು ಸುಮಾರು 8,000 ವರ್ಷವಾಯಿತು. ನಗರಗಳು ಎದ್ದದ್ದು ಸುಮಾರು 4,600 ವರ್ಷದ ಹಿಂದೆ. ನದಿ ಹೋದ ಮೇಲೆ ಊರು ಬಂತು! 2019ರಲ್ಲಿ ಇನ್ನೊಂದು ತಂಡ, ಘಗ್ಗರ್ 9,000ದಿಂದ 4,500 ವರ್ಷಗಳ ಹಿಂದಿನವರೆಗೂ ವರ್ಷವಿಡೀ ಹರಿಯುತ್ತಿತ್ತು ಎಂದಿತು. ಉತ್ತರ ಮರಳಿನಲ್ಲೇ ಸಿಗಬೇಕು.

ತೊಡಕೂ ಉಂಟು. ಪ್ರವಾಹದ ಕೆಸರು ನೀರಿನಲ್ಲಿ ಬಂದ ಕಾಳಿಗೆ ಬಿಸಿಲು ಸಾಲದು. ಹಳೆಯ ಬಾಕಿ ಉಳಿದು ವಯಸ್ಸು ಹೆಚ್ಚು ತೋರುತ್ತದೆ. ಅದಕ್ಕೇ ಒಂದೊಂದೇ ಕಾಳನ್ನು ಅಳೆಯುವುದೂ ಇದೆ.

ಮರುದಿನ ಅದೇ ಹುಡುಗ ಬಂದ. ‘ಸಾರ್, ರಾಶಿಯ ಒಳಗಿನ ಮರಳು ಬಿಸಿಲು ಕಂಡಿಲ್ಲವಲ್ಲ?’ ಪ್ರಶ್ನೆ ಚೆನ್ನಾಗಿತ್ತು. ‘ಬಗೆದು ಲಾರಿಗೆ ತುಂಬುವಾಗಲೇ ಕಂಡಿರುತ್ತದೆ. ಯಾವ ಪದರ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದೂ ಕಲಸಿಹೋಯಿತು. ಹೊಳೆ ಬಗೆದಷ್ಟೂ ಆ ಲೆಕ್ಕದ ಪುಸ್ತಕದ ಹಾಳೆ ಹರಿದಂತೆ’ ಎಂದೆ. ಈ ಸಲ ಯಾರೂ ನಗಲಿಲ್ಲ.