ಗುಜರಿಗೆ ಬಿದ್ದ ಧ್ವನಿಪೆಟ್ಟಿಗೆ

ವರ್ಗಾವಣೆಯ ನೌಕರಿಯವರ ಮನೆಯಲ್ಲಿ ಸಾಮಾನಿನ ವಿಷಯವಾಗಿ ಯಾವಾಗಲೂ ಎರಡು ಪಕ್ಷಗಳಿರುತ್ತವೆ. “ಹಳೆಯದನ್ನೆಲ್ಲ ಕೊಟ್ಟು ಹಗುರಾಗಿ ಹೊರಡೋಣ” ಎಂಬುದು ಒಂದು ಪಕ್ಷ; “ಇರಲಿ, ಎಂದಾದರೂ ಬೇಕಾದೀತು” ಎಂಬುದು ಇನ್ನೊಂದು. ಲಾರಿಯವನು ಬಾಡಿಗೆ ಹೇಳಿದ ಕೂಡಲೆ ಎರಡನೆಯ ಪಕ್ಷ ಸೋಲುತ್ತದೆ. ಊರು ಬಿಟ್ಟು ಬಂದ ಎಷ್ಟೋ ಕನ್ನಡ ಮನೆಗಳಿಂದ ಹಿತ್ತಾಳೆಯ ಕೊಳಗ, ಹೊಲಿಗೆಯ ಯಂತ್ರ, ರೇಡಿಯೋ, ಟೇಪ್‌ರೆಕಾರ್ಡರುಗಳೆಲ್ಲ ಗುಜರಿಯ ತಕ್ಕಡಿಗೆ ಹೋದದ್ದು ಹೀಗೆಯೇ. ಅವುಗಳಲ್ಲಿ ಒಂದರ ಪರವಾಗಿ ಈ ಸಲ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದೆಂದರೆ, ಹಳೆಯ ಧ್ವನಿವರ್ಧಕ. ಜನರ ಬಾಯಲ್ಲಿ ಸ್ಪೀಕರು.

ನಾವಿರುವ ಘೋಟಿ ಮುಂಬಯಿ–ಆಗ್ರಾ ಹೆದ್ದಾರಿಯ ಮೇಲೆ ಇಗತ್ಪುರಿಗೆ ಸಮೀಪದ ಸಂತೆಯೂರು. ಅಕ್ಕಿಯ ಗಿರಣಿಗಳೇ ಇದರ ಹೆಗ್ಗುರುತು. ಕಳಸೂಬಾಯಿ ಶಿಖರ ಹತ್ತಲು ಮುಂಬಯಿಯಿಂದ ಬರುವವರು ಇಲ್ಲಿಯೇ ಹೆದ್ದಾರಿ ಬಿಟ್ಟು ಬಾರೀ ಗ್ರಾಮದ ಕಡೆ ತಿರುಗುತ್ತಾರೆ. ನಮ್ಮ ಕಡೆಯ ಗುಜರಿ ಅಂಗಡಿಗೆ ಇಲ್ಲಿಯವರು ‘ಭಂಗಾರ್’ ಎನ್ನುತ್ತಾರೆ. ಅಂಥ ಒಂದು ಅಂಗಡಿಯಲ್ಲಿ, ತುಕ್ಕು ಹಿಡಿದ ಕೂಲರುಗಳ ಹಿಂದೆ, ಮರದ ಎರಡು ಧ್ವನಿಪೆಟ್ಟಿಗೆಗಳು ನಮ್ಮ ಕಣ್ಣಿಗೆ ಬಿದ್ದವು. ಕಂಪನಿಯ ಫಲಕ ಎಂದೋ ಉದುರಿತ್ತು. ಕಟ್ಟಿದ ರೀತಿಯಿಂದ 1980ರ ದಶಕದವೆಂದು ತೋರುತ್ತಿತ್ತು. ಒಂದೊಂದರಲ್ಲಿಯೂ ಎಂಟು ಇಂಚಿನ ದೊಡ್ಡ ಸ್ಪೀಕರು ಒಂದು, ತೆಳು ಸ್ವರಕ್ಕಾಗಿ ಚಿಕ್ಕದು ಒಂದು. ಅಂಗಡಿಯವನು ತೂಕಕ್ಕೆ ಹಾಕಿ ಜೋಡಿಗೆ ಆರುನೂರು ರೂಪಾಯಿ ಎಂದ. ಮನೆಯವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: “ಕೆಟ್ಟಿದೆ ಅಂತ ತಾನೆ ಯಾರೋ ಇದನ್ನ ಮಾರಿದ್ದು?”

ಕೆಟ್ಟದ್ದು ಹೌದು. ಆದರೆ ಅದರಲ್ಲಿ ಎಷ್ಟು ಕೆಟ್ಟಿದೆ, ಎಷ್ಟು ಚೆನ್ನಾಗಿದೆ ಎಂಬುದನ್ನು ಕೇಳುವವರು ಕಡಿಮೆ. ಇದನ್ನು ತಿಳಿಯಲು ಸ್ಪೀಕರಿನ ಒಳಗನ್ನು ಸ್ವಲ್ಪ ನೋಡಬೇಕು.

ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಬಿಟ್ಟು, ಅದರಲ್ಲಿ ವಿದ್ಯುತ್ತು ಹರಿಸಿದರೆ ಸುರುಳಿ ಹಿಂದೆ ಮುಂದೆ ಚಲಿಸಿ ಶಬ್ದ ಮಾಡಬಲ್ಲುದೆಂಬ ವಿಚಾರಕ್ಕೆ ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿಯೇ ಪೇಟೆಂಟು ಪಡೆದಿದ್ದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ಆ ಸುರುಳಿಗೆ ಕಾಗದದ ಕೋನನ್ನು ಜೋಡಿಸಿ ಇಂದಿನ ಸ್ಪೀಕರಿನ ರೂಪ ಕೊಟ್ಟರು. ಅದಾಗಿ ಹತ್ತು ವರ್ಷಕ್ಕೆ, ಎಂದರೆ 1935ರಲ್ಲಿ, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂದೆ ಈ ನಮ್ಮ ಪ್ರಾಂತದಲ್ಲಿಯೇ, ಠಾಣೆಯ ಕಾರ್ಖಾನೆಯಲ್ಲಿ ಮರ್ಫಿ ರೇಡಿಯೋಗಳು ತಯಾರಾಗಿ ಊರೂರಿಗೆ ಹೋದವು. ರೇಡಿಯೋದ ಒಳಗಿನ ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದಿತು, ಅದೂ ಹೋಗಿ ಚಿಪ್ಪು ಬಂದಿತು. ಸ್ಪೀಕರು ಮಾತ್ರ ನೂರು ವರ್ಷವಾದರೂ ಹೆಚ್ಚಾಗಿ ಅದೇ ಕಾಗದ, ಅದೇ ಸುರುಳಿ, ಅದೇ ಅಯಸ್ಕಾಂತ. ನಮ್ಮಂಥವರು ಅದನ್ನು ಮನೆಯ ಮೇಜಿನ ಮೇಲೆ ಬಿಚ್ಚಿ ರಿಪೇರಿ ಮಾಡಬಹುದಾದದ್ದು ಇದರಿಂದಲೇ.

ಈ ಭಾಗಗಳಲ್ಲಿ ಬೆಲೆಯುಳ್ಳದ್ದು ಅಯಸ್ಕಾಂತ. ಹಿಂದೆ ಅದನ್ನು ಆಲ್ನಿಕೋ ಎಂಬ ಲೋಹದಿಂದ ಮಾಡುತ್ತಿದ್ದರು. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಮಿಶ್ರಣ ಅದು. 1978ರಲ್ಲಿ ಆಫ್ರಿಕದ ಝಾಯಿರ್ ದೇಶದಲ್ಲಿ ಗಲಭೆಯಾಗಿ ಕೋಬಾಲ್ಟಿನ ಬೆಲೆ ಏರಿದ ಮೇಲೆ ಹೆಚ್ಚಿನ ತಯಾರಕರು ಅಗ್ಗದ ಫೆರೈಟಿಗೆ ತಿರುಗಿದರು. ಯಾವುದೇ ಆದರೂ ಅಯಸ್ಕಾಂತ ನಲವತ್ತು ವರ್ಷಕ್ಕೆ ಸಾಯುವುದಿಲ್ಲ. ಮಿತಿಮೀರಿ ಜೋರು ಮಾಡಿ ಸುಡದಿದ್ದರೆ ತಂತಿಯ ಸುರುಳಿಯೂ ಸಾಯುವುದಿಲ್ಲ. ಮೊದಲು ಸಾಯುವುದು ಎಲ್ಲಕ್ಕಿಂತ ಅಗ್ಗದ ಭಾಗ: ಕೋನಿನ ಸುತ್ತ ಬಳೆಯಂತೆ ಅಂಟಿಸಿದ ಫೋಮಿನ ಅಂಚು. ಕಬ್ಬಿಣದ ಚೌಕಟ್ಟಿಗೂ ಅಲುಗಾಡುವ ಕೋನಿಗೂ ನಡುವೆ ಸಡಿಲವಾದ ಸಂಬಂಧ ಇಟ್ಟುಕೊಂಡಿರುವುದೇ ಅದರ ಕೆಲಸ. 1970ರ ದಶಕದಿಂದೀಚೆಗೆ ಬಹಳವಾಗಿ ಬಳಕೆಗೆ ಬಂದ ಈ ಫೋಮು ಗಾಳಿಯಲ್ಲಿಯ ನೀರಿನಂಶಕ್ಕೆ ಮೆಲ್ಲಗೆ ಒಡೆದು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಈ ಘಟ್ಟದ ಸೀಮೆಯಲ್ಲಿ ಹೇಳುವುದೇ ಬೇಡ. ಅಂಚು ಹರಿದ ಸ್ಪೀಕರು ‘ಗರ್ರ್’ ಎನ್ನುತ್ತದೆ; ಮನೆಯವರು “ಇದರ ಆಯುಷ್ಯ ಮುಗಿಯಿತು” ಎನ್ನುತ್ತಾರೆ; ಭಂಗಾರದವನು ಬರುತ್ತಾನೆ.

ಆದ್ದರಿಂದ ಗುಜರಿಯಲ್ಲಿ ಕೊಳ್ಳುವ ಮೊದಲು, ಅಥವಾ ಗುಜರಿಗೆ ಹಾಕುವ ಮೊದಲು, ಮೂರು ಪರೀಕ್ಷೆ ಮಾಡಿ ನೋಡಬೇಕು. ಒಂದು: ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನಿಂದ ಎರಡು ತಂತಿ ಎಳೆದು ಸ್ಪೀಕರಿನ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸುವುದು. ‘ಟಕ್’ ಎಂದು ಕೋನು ಅಲುಗಿದರೆ ಸುರುಳಿ ಬದುಕಿದೆ. ಎರಡು: ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಹರಡಿ ಮೆಲ್ಲಗೆ ಒತ್ತಿ ಬಿಡುವುದು. ಒಳಗೆ ಕೆರೆದ ಸದ್ದು ಬಂದರೆ ಸುರುಳಿ ಓರೆಯಾಗಿದೆ ಅಥವಾ ಸುಟ್ಟು ಉಬ್ಬಿದೆ. ಅದು ನಮ್ಮ ನಿಮ್ಮ ಕೈಯ ಕೆಲಸವಲ್ಲ. ಮೂರು: ಮಲ್ಟಿಮೀಟರಿದ್ದರೆ ಓಮ್ ನೋಡುವುದು. ಎಂಟು ಓಮಿನದೆಂದು ಬರೆದ ಸ್ಪೀಕರು ಆರೋ ಏಳೋ ತೋರಿಸಿದರೆ ಸರಿಯಾಗಿದೆ ಎಂದೇ ಅರ್ಥ. ನಾವು ನೋಡಿದ ಜೋಡಿ ಮೂರರಲ್ಲಿಯೂ ತೇರ್ಗಡೆಯಾಯಿತು. ಅಂಚು ಮಾತ್ರ ಹಳೆಯ ರೊಟ್ಟಿಯಂತೆ ಉದುರುತ್ತಿತ್ತು.

ರಿಪೇರಿಗೆ ಬೇಕಾದ ಫೋಮಿನ ಬಳೆಗಳು ಘೋಟಿಯಲ್ಲಿ ಸಿಗಲಿಲ್ಲ. ಕಸಾರಾ ಘಾಟ ಇಳಿದು ಮುಂಬಯಿಗೆ ಹೋದಾಗ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೋನಿನ ಅಳತೆ ತೋರಿಸಿ ತಂದೆವು. ಬೆಂಗಳೂರಿನ ಕಡೆ ಹೋಗುವವರು ಇಂಥ ಬಿಡಿಭಾಗಗಳಿಗೆ ಎಸ್. ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಕೆಲಸಕ್ಕೆ ಎರಡು ಭಾನುವಾರ ಹಿಡಿದವು. ಮೊದಲನೆಯ ಭಾನುವಾರ ಹಳೆಯ ಫೋಮಿನ ಜಿಗುಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಾಗಿ ಒರಸಿ ತೆಗೆಯುವುದರಲ್ಲಿಯೇ ಕಳೆಯಿತು. ಬಳಿಕ ನಡುವಿನ ಟೊಪ್ಪಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಹಳೆಯ ಎಕ್ಸ್‌ರೇ ಫಿಲ್ಮಿನ ತೆಳು ಪಟ್ಟಿಗಳನ್ನು ಸುರುಳಿಯ ಒಳಸುತ್ತಿನಲ್ಲಿ ತೂರಿಸಿ ಅದು ಸರಿಯಾಗಿ ಮಧ್ಯದಲ್ಲಿ ನಿಲ್ಲುವಂತೆ ಮಾಡಬೇಕು. ಇಡೀ ಕೆಲಸದ ಗುಟ್ಟು ಇಷ್ಟೇ. ಕೂದಲಷ್ಟು ಓರೆಯಾದರೂ ಸುರುಳಿ ಕೆರೆಯುತ್ತದೆ. ಬಳೆಯನ್ನು ಮೊದಲು ಕೋನಿಗೆ, ಅದು ಒಣಗಿದ ಮೇಲೆ ಚೌಕಟ್ಟಿಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಆಮೇಲೆ ಪಟ್ಟಿಗಳನ್ನು ಎಳೆದು ಟೊಪ್ಪಿಗೆ ಅಂಟಿಸಿದರೆ ಮುಗಿಯಿತು. ಕಾಗದದ ಕೋನಿನಲ್ಲಿ ಸಣ್ಣ ಬಿರುಕಿದ್ದರೆ ತೆಳು ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಬಿಳಿ ಗೋಂದು ಹಚ್ಚಿ ಹಿಂದಿನಿಂದ ತೇಪೆ ಹಾಕಬಹುದು.

ಪೆಟ್ಟಿಗೆಯ ಒಳಗೆ ಸ್ವರಗಳನ್ನು ದೊಡ್ಡ ಸ್ಪೀಕರಿಗೂ ಚಿಕ್ಕದಕ್ಕೂ ಹಂಚುವ ಕೆಪ್ಯಾಸಿಟರುಗಳಿರುತ್ತವೆ. ಅವು ವರ್ಷಗಳಿಂದ ಒಣಗಿರುವುದುಂಟು. ಮೇಲೆ ಬರೆದ ಅಳತೆಯದನ್ನೇ ಹೊಸದಾಗಿ ಹಾಕಬೇಕು. ಕಡೆಯದಾಗಿ, ಎರಡು ಪೆಟ್ಟಿಗೆಗಳಿಗೂ ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದರಲ್ಲಿ ತಿರುಗುಮುರುಗಾದರೆ ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು, ಮಂದ್ರಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಪೆಟ್ಟಿಗೆಗಳ ಬೆಲೆಯೂ ಸೇರಿ ನಮಗೆ ಬಿದ್ದ ಖರ್ಚು ಒಂದು ಸಾವಿರದ ಮುನ್ನೂರು ರೂಪಾಯಿ.

“ಕಿಸೆಯಲ್ಲಿ ಫೋನು ಹಾಡುತ್ತಿರುವಾಗ ಇಷ್ಟೆಲ್ಲ ಏಕೆ?” ಎಂದು ಕೇಳುವವರಿಗೆ ನಮ್ಮ ಮನೆಯ ಒಂದು ವಿಷಯವನ್ನೇ ಹೇಳುತ್ತೇವೆ. ನಮ್ಮ ತಂದೆಯವರು ತೀರಿಕೊಂಡು ಬಹಳ ವರ್ಷಗಳಾದವು. 1993ರ ಯುಗಾದಿಯಂದು ಧಾರವಾಡದ ಮನೆಯಲ್ಲಿ ಅವರು ಪಂಚಾಂಗ ಓದಿದ್ದನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅದನ್ನು ಫೋನಿಗೆ ಇಳಿಸಿ ತಾಯಿಯವರಿಗೆ ಕೇಳಿಸಿದಾಗ ಅವರು ಸುಮ್ಮನೆ ತಲೆಯಾಡಿಸಿ, “ಯಾರೋ ಓದ್ಲಿಕ್ಕತ್ತಾರ” ಎಂದರು. ಕಿವಿ ಮಂದವಾಗಿದೆ, ನೆನಪೂ ಮಾಸಿದೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟರು. ಆದರೆ ದೋಷ ಪೂರ್ತಿ ಅವರದಾಗಿರಲಿಲ್ಲ. ಗಂಡಸಿನ ದನಿಯ ಮೂಲಸ್ವರ ಸೆಕೆಂಡಿಗೆ ಸುಮಾರು ನೂರು, ನೂರೈವತ್ತು ಕಂಪನಗಳದು. ಬೆರಳ ಉಗುರಿನಷ್ಟು ಅಗಲದ ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರವನ್ನು ನುಡಿಸುವ ಶಕ್ತಿಯೇ ಇಲ್ಲ. ಅದು ಕೊಡುವುದು ಮೇಲಿನ ತೆಳು ಸ್ವರಗಳನ್ನು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದಾದರೂ ಆ ಮೇಲಿನ ಸ್ವರಗಳನ್ನೇ. ಹೀಗೆ ಫೋನು ಕೊಡುವುದು ಅವರಿಗೆ ಸರಿಯಾಗಿ ಕೇಳದು. ಅವರ ಕಿವಿಗೆ ಇನ್ನೂ ನಿಲುಕುವುದನ್ನು ಫೋನು ಕೊಡದು.

ಎಂಟು ಇಂಚಿನ ಕೋನಿನ ಮುಂದೆ ಅದೇ ಧ್ವನಿಮುದ್ರಣವನ್ನು ಹಚ್ಚಿದೆವು. ಓದು ಆರಂಭವಾಗುವ ಮುನ್ನ ತಂದೆಯವರು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತಾಯಿಯವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟು, “ಹೌದಪಾ, ಇವರ ದನಿನ. ಮಾತು ಸುರು ಮಾಡೂ ಮುಂದ ಹಿಂಗ ಕೆಮ್ಮತಿದ್ರು ನಿಮ್ಮಪ್ಪ” ಎಂದರು. ಘೋಟಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಗಳು ಅಜ್ಜನ ಭಾವಚಿತ್ರ ನೋಡಿದ್ದಳೇ ಹೊರತು ದನಿ ಕೇಳಿರಲಿಲ್ಲ. “ಅಜ್ಜಾರು ಕನ್ನಡ ಇಷ್ಟು ಜೋರಾಗಿ ಓದತಿದ್ರಾ?” ಎಂದು ಕೇಳಿದಳು. ಈಗ ಆಗಾಗ ಅವಳೇ ಅದನ್ನು ಹಚ್ಚುತ್ತಾಳೆ. ಸಂಜೆ ಗಂಗೂಬಾಯಿ ಹಾನಗಲ್ಲರ ಗಾಯನ ಹಾಕಿದರೆ, ಆ ಗಂಭೀರ ಕಂಠ ಗರಗರ ಎನ್ನದೆ ಕೆಳಗಿನ ಸ್ವರದವರೆಗೂ ನಿಂತು ಬರುತ್ತದೆ. ರಿಪೇರಿ ಸರಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ತೋರಲಿಲ್ಲ.

ಹಾಗೆಂದು ಗುಜರಿಯಲ್ಲಿ ಕಂಡದ್ದನ್ನೆಲ್ಲ ಮನೆಗೆ ತರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸುರುಳಿ ಸುಟ್ಟಿದ್ದರೆ, ಪೆಟ್ಟಿಗೆಯ ಹಲಗೆ ನೀರು ಕುಡಿದು ಉಬ್ಬಿದ್ದರೆ ಬಿಟ್ಟುಬಿಡುವುದೇ ಲೇಸು. ಕೋನಿನ ಅಂಚು ಬಟ್ಟೆಯದಾಗಿ ಗಟ್ಟಿಯಾಗಿದ್ದರೆ ಅದನ್ನು ಕಿತ್ತು ಫೋಮು ಹಾಕುವ ಗೋಜಿಗೆ ಹೋಗಬಾರದು. ವಾಲ್ವಿನ ಹಳೆಯ ರೇಡಿಯೋ ಸಿಕ್ಕಿದರೆ ಮಾತ್ರ ಬಹಳ ಜೋಕೆ: ಅದರೊಳಗೆ ಇನ್ನೂರು ವೋಲ್ಟಿಗೂ ಮೀರಿದ ವಿದ್ಯುತ್ತು ಓಡಾಡುತ್ತದೆ, ಪ್ಲಗ್ಗು ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದನ್ನು ಬಲ್ಲವರ ಕೈಗೇ ಕೊಡಬೇಕು. ಇನ್ನು ಸರಿಮಾಡಿದ ಸ್ಪೀಕರು ಕೇರಿಗೆಲ್ಲ ಕೇಳಬೇಕೆಂಬ ಉತ್ಸಾಹವೂ ಬೇಡ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹೊರಗೆ ಧ್ವನಿವರ್ಧಕ ಹಚ್ಚಬಾರದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಮನೆಯ ಸ್ಪೀಕರು ಮನೆಯವರಿಗೆ ಕೇಳಿದರೆ ಸಾಕು.

ಬೇಸಗೆ ಬಂದಿತೆಂದರೆ ನಮ್ಮವರಲ್ಲಿ ವರ್ಗಾವಣೆಯ ಆದೇಶಗಳೂ ಬರುತ್ತವೆ, ಸಾಮಾನು ಕಟ್ಟುವ ಗಡಿಬಿಡಿಯೂ ಆರಂಭವಾಗುತ್ತದೆ. ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇರುವ ಮನೆಯವರು ಭಂಗಾರದವನನ್ನು ಕೂಗುವ ಮೊದಲು ಗೋಡೆಯ ಗಡಿಯಾರದಿಂದ ಆ ಒಂದು ಸೆಲ್ಲನ್ನು ತೆಗೆದು ಮುಟ್ಟಿಸಿ ನೋಡಲಿ. ಕ್ಯಾಸೆಟ್ಟುಗಳಿದ್ದರೆ ಅವನ್ನಂತೂ ಕೊಡುವುದು ಬೇಡ. ಬೂಸರು ಹಿಡಿಯುವ ಮುನ್ನ ಮಳೆಗಾಲದೊಳಗೆ ಇಳಿಸಿಕೊಳ್ಳಲಿ. ‘ಟಕ್’ ಎಂಬ ಸದ್ದು ಬಾರದಿದ್ದರೆ ಪೆಟ್ಟಿಗೆಯನ್ನು ಧಾರಾಳವಾಗಿ ಮಾರಬಹುದು. ಬಂದರೆ, ಲಾರಿಯಲ್ಲಿ ಅದಕ್ಕೂ ಒಂದಿಷ್ಟು ಜಾಗ ಮಾಡಿಕೊಳ್ಳಬೇಕೆಂದು ನಮ್ಮ ಸೂಚನೆ.